ಓದಿದರೂ ಬರೆಯುವ ಡಿಸ್ಕ್: ಎಟೈಮ್‌ನ 30 ವರ್ಷದ ಕಥೆ

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ತಡವರಿಸಿದ್ದನ್ನು ತಿದ್ದಿದ್ದೇನೆ, ಬೋರ್ಡ್ ಮೇಲೆ ಗೀಚಿದ್ದ ಲೆಕ್ಕವನ್ನು ವಾಕ್ಯ ಮಾಡಿದ್ದೇನೆ. ಉಳಿದದ್ದು ಹಾಗೇ ಇದೆ.

ಪುಣೆಯಲ್ಲಿರೋ ನಮ್ಮವರಿಗೆ ಮಾರ್ಕೆಟ್ ಯಾರ್ಡ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಲ್ಟೇಕಡಿಯ ಹಣ್ಣಿನ ವಿಭಾಗಕ್ಕೆ ಹೋದರೆ ರತ್ನಾಗಿರಿ ಹಾಪುಸ್ ಒಂದು ಕಡೆ, 'ಕರ್ನಾಟಕ ಹಾಪುಸ್' ಇನ್ನೊಂದು ಕಡೆ. ಅಲ್ಲಿ ನನಗೆ ಪರಿಚಯದ ಒಬ್ಬರು ಅಡತ್ ಅಂಗಡಿಯವರಿದ್ದಾರೆ. ವಿಜಯಪುರ ಕಡೆಯವರು, ಎಷ್ಟೋ ವರ್ಷದಿಂದ ಇಲ್ಲೇ. ನಾನು ಕಾಕಾ ಅಂತೀನಿ. ಒಂದು ಮೇ ತಿಂಗಳು ಸಂಜೆ ಅವರ ಫೋನ್ ಬಂತು.

"ತಮ್ಮಾ, ಒಂದ್ಸಲ ಬಂದು ಹೋಗೋ. ಹತ್ತು ಮಿನಿಟಿನ ಲೆಕ್ಕ ಕಾಣವಲ್ದು."

ಮಳೆಗಾಲಕ್ಕೆ ಮುಂಚಿನ ಗುಡುಗು, ಗಾಳಿ, ಕರೆಂಟ್ ಹೋಗಿತ್ತು. ವಾಪಸ್ ಬಂದ ಮೇಲೆ ಕಂಪ್ಯೂಟರ್ ಸರಿಯಾಗಿಯೇ ಎದ್ದಿತ್ತು. ಆದರೆ ಕರೆಂಟ್ ಹೋಗುವ ಮುಂಚಿನ ಸುಮಾರು ಹತ್ತು ನಿಮಿಷದ ಎಂಟ್ರಿಗಳೇ ಇಲ್ಲ. ಯಾವ ರೈತರ ಮಾಲು, ಎಷ್ಟು ಕ್ರೇಟ್, ಎಷ್ಟು ತೂಕ, ಯಾವ ದರ, ಯಾರು ತಗೊಂಡರು, ಯಾವುದೂ ಇಲ್ಲ. ಮಾಲು ಆಗಲೇ ಕೊಂಡವರ ಟೆಂಪೋ ಹತ್ತಿ ಹೋಗಿದೆ. ರೈತರು ಲೆಕ್ಕದ ಪಟ್ಟಿಗೆ ಕಾಯ್ತಾ ಕೂತಿದ್ದಾರೆ, ರಾತ್ರಿ ಗಾಡಿಗೆ ಊರಿಗೆ ಹೋಗಬೇಕು.

ನಾನು ಹೋಗಿ ಎಫ್‌ಎಸ್‌ಟ್ಯಾಬ್ ಫೈಲ್ ತೆರೆದೆ. ಲಿನಕ್ಸ್ ಬೂಟ್ ಆಗುವಾಗ ಯಾವ ಡಿಸ್ಕನ್ನು ಯಾವ ಷರತ್ತಿನ ಮೇಲೆ ಜೋಡಿಸಬೇಕು ಅಂತ ಹೇಳೋ ಫೈಲ್ ಅದು. ಈ ಷರತ್ತುಗಳಿಗೇ ಮೌಂಟ್ ಆಪ್ಶನ್ ಅನ್ನೋದು. ಕಾಕಾ ಅವರ ಡಿಸ್ಕ್ ಮುಂದೆ ಎರಡು ಷರತ್ತು ಇದ್ದವು: ನೋಎಟೈಮ್, ಮತ್ತು ಕಮಿಟ್ 600. ಮಷೀನ್ ಸೆಟಪ್ ಮಾಡಿದವರು ಎರಡನ್ನೂ ಒಂದೇ ಉದ್ದೇಶಕ್ಕೆ ಹಾಕಿದ್ದರು. ಅಗ್ಗದ ಎಸ್‌ಎಸ್‌ಡಿ, ಸುಮ್ಮನೆ ಬರೆದು ಬರೆದು ಸವೆಯಬಾರದು ಅಂತ. ಮೊದಲನೆಯದು ಒಳ್ಳೇ ಸಲಹೆ. ಎರಡನೆಯದು ಕಾಕಾ ಅವರ ಹತ್ತು ನಿಮಿಷ ನುಂಗಿತ್ತು.

ಎರಡೂ 'ಅನಗತ್ಯ ಬರವಣಿಗೆ ಕಡಿಮೆ ಮಾಡುವ' ಆಪ್ಶನ್‌ಗಳೇ. ಹಾಗಾದರೆ ಅನಗತ್ಯ ಅನ್ನೋದನ್ನು ನಿರ್ಧರಿಸೋದು ಹೇಗೆ? ಈ ಪ್ರಶ್ನೆಗೆ ಉತ್ತರ ಮ್ಯಾನುಯಲ್ ಪೇಜ್‌ನಲ್ಲಿ ಸಿಗಲ್ಲ, ಚರಿತ್ರೆಯಲ್ಲಿ ಸಿಗುತ್ತೆ. ಅದಕ್ಕೇ ಈ ವಾರ ಇದು.

ಓದಿದ್ದೂ ಒಂದು ಘಟನೆ

1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್‌ನ ಏಳನೇ ಆವೃತ್ತಿ ಬಂತು. ಅದರಲ್ಲಿ ಪ್ರತಿ ಫೈಲಿಗೂ ಒಂದು ಐನೋಡ್. ಫೈಲಿನ ಜಾತಕ ಅಂದುಕೊಳ್ಳಿ. ಮಾಲೀಕ ಯಾರು, ಗಾತ್ರ ಎಷ್ಟು, ಡೇಟಾ ಡಿಸ್ಕಿನ ಯಾವ ಬ್ಲಾಕ್‌ಗಳಲ್ಲಿದೆ, ಎಲ್ಲ ಅಲ್ಲೇ. ಒಂದು ಐನೋಡ್‌ಗೆ 64 ಬೈಟ್, 512 ಬೈಟ್‌ನ ಒಂದು ಬ್ಲಾಕ್‌ನಲ್ಲಿ 8 ಐನೋಡ್. ಅಷ್ಟು ಚಿಕ್ಕ ಜಾಗದಲ್ಲೂ ಮೂರು ಸಮಯಗಳಿಗೆ ಜಾಗ ಕೊಟ್ಟಿದ್ದರು. ಎಂಟೈಮ್ ಅಂದರೆ ಫೈಲಿನ ಒಳಗಿನದು ಕೊನೆಗೆ ಬದಲಾದದ್ದು. ಸಿಟೈಮ್ ಅಂದರೆ ಐನೋಡ್ ಬದಲಾದದ್ದು. ಎಟೈಮ್ ಅಂದರೆ ಫೈಲನ್ನು ಕೊನೆಗೆ ಓದಿದ್ದು.

ಮೂರನೆಯದರ ವಿಚಿತ್ರ ನೋಡಿ. ಓದೋದು ಅಂದರೆ ಏನನ್ನೂ ಬದಲಿಸದ ಕೆಲಸ ಅಂತ ನಾವು ತಿಳಿದಿದ್ದೇವೆ. ಆದರೆ ಓದಿದ ಸಮಯವನ್ನು ಇಡಬೇಕು ಅಂದರೆ ಎಲ್ಲೋ ಬರೀಬೇಕು. ಅಂದರೆ ಪ್ರತಿ ಓದಿನ ಬೆನ್ನಿಗೆ ಒಂದು ಬರಹ.

ಆ ಕಾಲಕ್ಕೆ ಇದು ಹುಚ್ಚಾಟವಲ್ಲ. ಪಿಡಿಪಿ-11 ಮಷೀನ್‌ಗಳಲ್ಲಿ ಬಳಸುತ್ತಿದ್ದ ಆರ್‌ಕೆ05 ಡಿಸ್ಕಿನ ಸಾಮರ್ಥ್ಯ ಸುಮಾರು 2.5 ಎಂಬಿ, ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಒಂದು ಮಷೀನನ್ನು ಹಲವರು ಹಂಚಿಕೊಂಡು ಬಳಸುವಾಗ ಯಾರೂ ಮುಟ್ಟದ ಫೈಲ್ ಯಾವುದು ಅಂತ ಗೊತ್ತಾದರೆ ಅದನ್ನು ಟೇಪಿಗೆ ಸಾಗಿಸಬಹುದು, ಅಳಿಸಬಹುದು. ಫೈಂಡ್ ಕಮಾಂಡ್‌ನಲ್ಲಿ ಎಟೈಮ್ ಅನ್ನೋ ಆಯ್ಕೆ ಇರೋದು ಇದಕ್ಕೇ. ಮೇಲಾಗಿ ಎಟೈಮ್ ತಕ್ಷಣ ಡಿಸ್ಕಿಗೆ ಹೋಗುತ್ತಿರಲಿಲ್ಲ. ಮೆಮೊರಿಯಲ್ಲಿ ಬದಲಾಗುತ್ತಿತ್ತು, 30 ಸೆಕೆಂಡಿಗೊಮ್ಮೆ ಅಪ್‌ಡೇಟ್ ಅನ್ನೋ ಪ್ರೋಗ್ರಾಮ್ ಎಲ್ಲವನ್ನೂ ಒಟ್ಟಿಗೆ ಡಿಸ್ಕಿಗೆ ತಳ್ಳುತ್ತಿತ್ತು.

ಅಂಚೆಗೂ ಇದು ಬೇಕಾಗಿತ್ತು. ಹಳೇ ಯುನಿಕ್ಸ್‌ನಲ್ಲಿ ಒಬ್ಬರ ಮೇಲ್ ಎಲ್ಲ ಒಂದೇ ಫೈಲಿನಲ್ಲಿ. ಹೊಸ ಪತ್ರ ಬಂದರೆ ಎಂಟೈಮ್ ಬದಲಾಗುತ್ತೆ, ನೀವು ಓದಿದರೆ ಎಟೈಮ್. ಎಂಟೈಮ್ ಮುಂದಿದ್ದರೆ ಓದದ ಪತ್ರ ಇದೆ ಅಂತ ಅರ್ಥ. ಎಷ್ಟು ಸರಳ! ಮಟ್‌ನಂಥ ಮೇಲ್ ಪ್ರೋಗ್ರಾಮ್‌ಗಳು ದಶಕಗಳ ಕಾಲ ಈ ಹೋಲಿಕೆಯನ್ನೇ ನಂಬಿದ್ದವು. 1988ರಲ್ಲಿ ಪೊಸಿಕ್ಸ್ ಸ್ಟ್ಯಾಂಡರ್ಡ್ ಬಂದಾಗ ಎಟೈಮ್ ಕೂಡ ಅದರೊಳಗೆ ಸೇರಿತು. ಒಮ್ಮೆ ಸ್ಟ್ಯಾಂಡರ್ಡ್ ಸೇರಿದ ಮೇಲೆ ಅದನ್ನು ತೆಗೆಯೋದು ಎಷ್ಟು ಕಷ್ಟ ಅಂತ ಆಫೀಸಿನಲ್ಲಿ ಹಳೇ ಎಪಿಐ ತೆಗೆಯಲು ಹೋದವರಿಗೆಲ್ಲ ಗೊತ್ತು.

ಕಿರ್ದಿ ಮತ್ತು ಖತಾವಣಿ

ಮುಂದಿನ ಭಾಗ ಅರ್ಥವಾಗಬೇಕಾದರೆ ಅಡತ್ ಅಂಗಡಿಯ ಪುಸ್ತಕ ನೋಡಬೇಕು. ಉತ್ತರ ಕರ್ನಾಟಕದ ವ್ಯಾಪಾರಸ್ಥರ ಮನೆಯವರಿಗೆ ಗೊತ್ತಿರುತ್ತೆ. ದಿನದ ವ್ಯವಹಾರ ನಡೆದ ಹಾಗೆ ಸಾಲಾಗಿ ಬರೆಯೋದು ಕಿರ್ದಿ. ಆಮೇಲೆ ಪುರುಸೊತ್ತಿನಲ್ಲಿ ಒಬ್ಬೊಬ್ಬರ ಹೆಸರಿನ ಪುಟಕ್ಕೆ ಅದನ್ನೇ ಸಾಗಿಸೋದು ಖತಾವಣಿ. ಖತಾವಣಿ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಕಿರ್ದಿ ನೋಡಿ ಪೂರ್ತಿ ಮಾಡಬಹುದು.

ಜರ್ನಲಿಂಗ್ ಫೈಲ್‌ಸಿಸ್ಟಮ್ ಅಂದರೆ ಇದೇ. ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಸಾಲಾಗಿ ಬರೆದು, ಆಮೇಲೆ ಅದರ ನಿಜವಾದ ಜಾಗಕ್ಕೆ ಸಾಗಿಸೋದು. ಕರೆಂಟ್ ಹೋದರೆ ಜರ್ನಲ್ ಓದಿ ಉಳಿದದ್ದನ್ನು ಪೂರ್ತಿ ಮಾಡೋದು. ಈ ಕಥೆಯಲ್ಲಿ ಪುಣೆಗೂ ಪಾಲಿದೆ. 1991ರಲ್ಲಿ ಬಂದ ವೆರಿಟಾಸ್ ಕಂಪನಿಯ ವಿಎಕ್ಸ್‌ಎಫ್‌ಎಸ್ ಮೊದಮೊದಲ ವಾಣಿಜ್ಯ ಜರ್ನಲಿಂಗ್ ಫೈಲ್‌ಸಿಸ್ಟಮ್‌ಗಳಲ್ಲಿ ಒಂದು. ಆ ಕಂಪನಿಯ ದೊಡ್ಡ ಡೆವಲಪ್‌ಮೆಂಟ್ ಸೆಂಟರ್ ಮುಂದೆ ಪುಣೆಯಲ್ಲೇ ಬೆಳೆಯಿತು. ಅಲ್ಲಿ ಕೆಲಸ ಮಾಡಿದವರು ಈ ಚಾನೆಲ್ ನೋಡುವವರಲ್ಲೂ ಇರಬಹುದು. ಅದರ ಮೌಂಟ್ ಆಪ್ಶನ್‌ಗಳಲ್ಲಿ ಲಾಗ್, ಡಿಲೇಲಾಗ್, ಟೆಂಪ್‌ಲಾಗ್ ಅಂತ ಮೂರು ಮೆಟ್ಟಿಲು. ಲಾಗ್ ಅಂದರೆ ಬರೆದು ಮುಗಿಸಿಯೇ ಆಯ್ತು ಅನ್ನೋದು. ಡಿಲೇಲಾಗ್ ಅಂದರೆ ಸ್ವಲ್ಪ ತಡ. ಟೆಂಪ್‌ಲಾಗ್ ಅಂದರೆ ಬಹುತೇಕ ಎಲ್ಲವೂ ತಡ, ತಾತ್ಕಾಲಿಕ ಫೈಲ್‌ಗಳಿಗೆ ಮಾತ್ರ ಅಂತ ಅವರ ಕೈಪಿಡಿಯೇ ಹೇಳುತ್ತಿತ್ತು. ವೇಗ ಬೇಕಾದರೆ ಎಷ್ಟು ಮರೆವಿಗೆ ಸಿದ್ಧರಿದ್ದೀರಿ ಅಂತ ಆಗಲೇ ನೇರವಾಗಿ ಕೇಳಿದ್ದರು.

ಲಿನಕ್ಸ್‌ನ ಇಎಕ್ಸ್‌ಟಿ ಕುಟುಂಬಕ್ಕೆ ಜರ್ನಲ್ ಬಂದದ್ದು ಇಎಕ್ಸ್‌ಟಿ3 ಜೊತೆ. ಸ್ಟೀಫನ್ ಟ್ವೀಡಿ ಬರೆದದ್ದು, 2001ರ ನವೆಂಬರ್‌ನಲ್ಲಿ 2.4.15 ಕರ್ನಲ್ ಸೇರಿತು. ಡೀಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಜರ್ನಲ್ ಕಮಿಟ್. ನೆನಪಿಡಿ, ಈ 5 ಮುಂದೆ ಬರುತ್ತೆ.

ಈಗ ಎಟೈಮ್ ಲೆಕ್ಕ ಹಾಕೋಣ. ಇವತ್ತಿನ ಇಎಕ್ಸ್‌ಟಿ4ನಲ್ಲಿ ಐನೋಡ್ ಸಾಮಾನ್ಯವಾಗಿ 256 ಬೈಟ್, ಬ್ಲಾಕ್ 4 ಕೆಬಿ, ಒಂದು ಬ್ಲಾಕ್‌ನಲ್ಲಿ 16 ಐನೋಡ್. ಎಟೈಮ್ ತಗೊಳ್ಳೋದು ಬರೀ 8 ಬೈಟ್. ಆದರೆ ಜರ್ನಲ್ 8 ಬೈಟ್ ಬರೆಯಲ್ಲ, ಇಡೀ ಬ್ಲಾಕ್ ಬರೆಯುತ್ತೆ. ಬೇರೇನೂ ನಡೆಯದ ಮಷೀನ್‌ನಲ್ಲಿ ಒಂದೇ ಫೈಲ್ ಓದಿದಿರಿ ಅಂದುಕೊಳ್ಳಿ. ಏನು ಬರೆಯುತ್ತಿದ್ದೇನೆ ಅನ್ನೋದಕ್ಕೆ ಒಂದು ಬ್ಲಾಕ್, ಐನೋಡ್ ಇರುವ ಬ್ಲಾಕ್ ಒಂದು, ಮುಗಿಯಿತು ಅಂತ ಕಮಿಟ್ ಬ್ಲಾಕ್ ಒಂದು. ಆಮೇಲೆ ನಿಜವಾದ ಜಾಗಕ್ಕೆ ಇನ್ನೊಮ್ಮೆ. ಒಟ್ಟು 16 ಕೆಬಿ, 8 ಬೈಟ್‌ಗೋಸ್ಕರ. ಜರ್ನಲ್ ಎಲ್ಲವನ್ನೂ ಗುಂಪಾಗಿ ಬರೆಯೋದರಿಂದ ಫೈಲ್‌ಗಳು ಹೆಚ್ಚಿದರೆ ಸರಾಸರಿ ಇಳಿಯುತ್ತೆ. ಆದರೂ ದೊಡ್ಡ ಕೋಡ್ ಟ್ರೀ ಮೇಲೆ ಒಂದು ಗ್ರೆಪ್ ಓಡಿಸಿದರೆ, ಸಾವಿರಾರು ಐನೋಡ್ ಬ್ಲಾಕ್‌ಗಳು ಡಿಸ್ಕಿನ ಮೂಲೆ ಮೂಲೆಯಲ್ಲಿ ಮತ್ತೆ ಬರೆಸಿಕೊಳ್ಳುತ್ತವೆ. ನೀವು ಮಾಡಿದ್ದು ಬರೀ ಹುಡುಕಾಟ!

ಅದಕ್ಕೇ ಯೂಸ್‌ನೆಟ್ ನ್ಯೂಸ್ ಸರ್ವರ್, ಸ್ಕ್ವಿಡ್ ಪ್ರಾಕ್ಸಿ ನಡೆಸುವವರು ನೋಎಟೈಮ್ ಹಾಕುವುದನ್ನು ಬೇಗ ಕಲಿತರು. ಲಕ್ಷಗಟ್ಟಲೆ ಚಿಕ್ಕ ಫೈಲ್ ಓದಿ ಕೊಡೋದೇ ಆ ಸರ್ವರ್‌ಗಳ ಕೆಲಸ. ಯಾವಾಗ ಓದಿದೆ ಅಂತ ಅವರಲ್ಲಿ ಯಾರೂ ಕೇಳುತ್ತಿರಲಿಲ್ಲ.

600 ಎಲ್ಲಿಂದ ಬಂತು

ಕಾಕಾ ಅವರ ಮಷೀನ್‌ನಲ್ಲಿದ್ದ 600ಕ್ಕೂ ಒಂದು ಹುಟ್ಟೂರು ಇದೆ. 2004ರಲ್ಲಿ 2.6.6 ಕರ್ನಲ್‌ಗೆ ಲ್ಯಾಪ್‌ಟಾಪ್ ಮೋಡ್ ಬಂತು. ಆಗ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಡಿಸ್ಕ್. ಅದನ್ನು ನಿಲ್ಲಿಸಿದರೆ ಬ್ಯಾಟರಿ ಉಳಿಯುತ್ತೆ. ಆದರೆ 5 ಸೆಕೆಂಡಿಗೊಮ್ಮೆ ಜರ್ನಲ್ ಎದ್ದು ಬರೆದರೆ ಡಿಸ್ಕ್ ನಿಲ್ಲೋದು ಯಾವಾಗ? ಹಾಗಾಗಿ ಆ ಮೋಡ್ ಜೊತೆ ಬಂದ ಸ್ಕ್ರಿಪ್ಟ್, ಲ್ಯಾಪ್‌ಟಾಪ್ ಬ್ಯಾಟರಿ ಮೇಲಿರುವಾಗ ಡಿಸ್ಕನ್ನು ಕಮಿಟ್ 600 ಜೊತೆ ರೀಮೌಂಟ್ ಮಾಡುತ್ತಿತ್ತು. 600 ಸೆಕೆಂಡ್, ಅಂದರೆ 10 ನಿಮಿಷ. ಮಷೀನ್ ಕ್ರ್ಯಾಶ್ ಆದರೆ 10 ನಿಮಿಷದ ಕೆಲಸ ಹೋಗಬಹುದು ಅಂತ ಅದರ ದಾಖಲೆಯಲ್ಲೇ ಎಚ್ಚರಿಕೆ ಇತ್ತು. ಚಾರ್ಜರ್ ಹಾಕಿದ ಕೂಡಲೇ ಹಳೇ ಸ್ಥಿತಿಗೆ ವಾಪಸ್.

ಅಂದರೆ 600 ಅನ್ನೋ ಸಂಖ್ಯೆ ಹುಟ್ಟಿದ್ದೇ ಬ್ಯಾಟರಿ ಇರುವ ಮಷೀನ್‌ಗೆ. ಗೋಡೆಯ ಕರೆಂಟ್ ಹೋದರೂ ಸಾಯದ ಮಷೀನ್‌ಗೆ. ಅಲ್ಲಿ ಅದು ಲೆಕ್ಕ ಹಾಕಿ ತಗೊಂಡ ರಿಸ್ಕ್. ಅದೇ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ಕಾಪಿ ಆಗುತ್ತಾ, 'ಎಸ್‌ಎಸ್‌ಡಿ ಉಳಿಸುವ ಉಪಾಯ' ಅಂತ ಹೊಸ ಹೆಸರಲ್ಲಿ, ಯುಪಿಎಸ್ ಇಲ್ಲದ ಅಂಗಡಿಯ ಪಿಸಿಗೆ ಬಂದು ಕೂತಿತ್ತು. ಷರತ್ತು ಬಂತು, ಅದರ ಕಾರಣ ಮಾತ್ರ ದಾರಿಯಲ್ಲೇ ಬಿದ್ದುಹೋಯಿತು.

2007ರ ಜಗಳ, 2009ರ ರಾಜಿ

ಎಟೈಮ್ ವಿಷಯಕ್ಕೆ ವಾಪಸ್ ಬರೋಣ. 2007ರ ಫೆಬ್ರುವರಿಯ 2.6.20 ಕರ್ನಲ್‌ನಲ್ಲಿ ವ್ಯಾಲರಿ ಹೆನ್ಸನ್ ಅವರ ರೆಲ್‌ಎಟೈಮ್ ಅನ್ನೋ ಮಧ್ಯದ ದಾರಿ ಬಂತು. ಓದಿದಾಗಲೆಲ್ಲ ಬರೆಯಬೇಡ. ಫೈಲ್ ಬದಲಾದ ಮೇಲೆ ಮೊದಲ ಸಲ ಓದಿದಾಗ ಮಾತ್ರ ಬರಿ. ಜಾಣತನ ಗಮನಿಸಿ: ಮೇಲ್ ಪ್ರೋಗ್ರಾಮ್‌ಗೆ ಬೇಕಾದದ್ದು ಓದಿದ ನಿಖರ ಸಮಯವಲ್ಲ, 'ಪತ್ರ ಬಂದ ಮೇಲೆ ಓದಿದೆಯಾ ಇಲ್ಲವಾ' ಅನ್ನೋದು. ಅಷ್ಟನ್ನು ರೆಲ್‌ಎಟೈಮ್ ಉಳಿಸಿಕೊಂಡಿತು.

ಆದರೆ ಅದು ಡೀಫಾಲ್ಟ್ ಆಗಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕರ್ನಲ್ ಡೆವಲಪರ್‌ಗಳ ನಡುವೆ ದೊಡ್ಡ ಚರ್ಚೆ ಎದ್ದಿತು. ಲಿನಕ್ಸ್‌ನ ಡಿಸ್ಕ್ ವೇಗಕ್ಕೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ ಅನ್ನೋ ಧಾಟಿಯಲ್ಲಿ ಇಂಗೋ ಮೋಲ್ನಾರ್ ಎಟೈಮ್ ಮೇಲೆ ಹರಿಹಾಯ್ದರು. ಎದುರಿನ ವಾದವೂ ಹಗುರವಾಗಿರಲಿಲ್ಲ. ಡೀಫಾಲ್ಟ್ ಬದಲಿಸಿದರೆ ಎಟೈಮ್ ನಂಬಿದ ಹಳೇ ಪ್ರೋಗ್ರಾಮ್‌ಗಳು ಸದ್ದಿಲ್ಲದೆ ಕೆಡುತ್ತವೆ. ಉದಾಹರಣೆಗೆ ಟೆಂಪ್‌ವಾಚ್: ಬಹಳ ದಿನ ಯಾರೂ ಓದದ ತಾತ್ಕಾಲಿಕ ಫೈಲ್‌ಗಳನ್ನು ಅಳಿಸುವ ಪ್ರೋಗ್ರಾಮ್. ಮೊದಲ ರೆಲ್‌ಎಟೈಮ್‌ನಲ್ಲಿ, ದಿನಾ ಓದುವ ಆದರೆ ಎಂದೂ ಬದಲಿಸದ ಫೈಲಿನ ಎಟೈಮ್ ಹಳೆಯದಾಗಿಯೇ ಉಳಿಯುತ್ತಿತ್ತು. ಟೆಂಪ್‌ವಾಚ್ ಅದನ್ನು ಅನಾಥ ಅಂದುಕೊಂಡು ಅಳಿಸಿಬಿಡುತ್ತಿತ್ತು.

ಪರಿಹಾರ 2009ರ ಜೂನ್‌ನಲ್ಲಿ, 2.6.30 ಕರ್ನಲ್‌ನಲ್ಲಿ. ಮ್ಯಾಥ್ಯೂ ಗ್ಯಾರೆಟ್ ಅವರ ಬದಲಾವಣೆಯಿಂದ ರೆಲ್‌ಎಟೈಮ್‌ಗೆ ಇನ್ನೊಂದು ನಿಯಮ ಸೇರಿತು. ಇರುವ ಎಟೈಮ್ 24 ಗಂಟೆಗಿಂತ ಹಳೆಯದಾದರೆ ಓದಿದಾಗ ಒಮ್ಮೆ ಬರಿ. ಅಳಿಸುವ ಪ್ರೋಗ್ರಾಮ್‌ಗಳು ನೋಡೋದು ದಿನಗಳ ಲೆಕ್ಕ, ಸೆಕೆಂಡಿನ ಲೆಕ್ಕವಲ್ಲ. ಹಾಗಾಗಿ ದಿನಕ್ಕೊಮ್ಮೆ ಸಾಕು. ರೆಲ್‌ಎಟೈಮ್ ಡೀಫಾಲ್ಟ್ ಆಯಿತು. ಹಳೇ ನಡವಳಿಕೆಯೇ ಬೇಕು ಅನ್ನುವವರಿಗೆ ಸ್ಟ್ರಿಕ್ಟ್‌ಎಟೈಮ್ ಅಂತ ಆಪ್ಶನ್ ಇಟ್ಟರು. 1979ರಲ್ಲಿದ್ದ ನಡವಳಿಕೆಯನ್ನು ಬದಲಿಸಲು 30 ವರ್ಷ ಬೇಕಾಯಿತು. ಬದಲಿಸಿದವರು ಅದನ್ನು ಕಿತ್ತು ಎಸೆಯಲಿಲ್ಲ. ಈ ಬರಹವನ್ನು ಯಾರು ಓದುತ್ತಾರೆ, ಅವರಿಗೆ ನಿಜವಾಗಿ ಎಷ್ಟು ಬೇಕು ಅಂತ ಒಬ್ಬೊಬ್ಬರನ್ನೇ ಎಣಿಸಿ, ಅಷ್ಟನ್ನೇ ಉಳಿಸಿದರು.

ಅದೇ ಕರ್ನಲ್‌ನಲ್ಲಿ ಇನ್ನೊಂದು ಕಥೆ

2.6.30ರಲ್ಲಿ ಇದಕ್ಕೆ ತದ್ವಿರುದ್ಧ ದಿಕ್ಕಿನ ಬದಲಾವಣೆಯೂ ಬಂತು. 2008ರ ಡಿಸೆಂಬರ್‌ನಲ್ಲಿ, 2.6.28 ಜೊತೆ, ಇಎಕ್ಸ್‌ಟಿ4 ಬಳಕೆಗೆ ಸಿದ್ಧ ಅಂತ ಘೋಷಣೆಯಾಗಿತ್ತು. ಆ ಕೆಲಸದಲ್ಲಿ ಬೆಂಗಳೂರಿನ ಕೈಯೂ ಇದೆ. 2007ರಲ್ಲಿ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಇಎಕ್ಸ್‌ಟಿ4ರ ಸ್ಥಿತಿಗತಿ ಬಗ್ಗೆ ಬಂದ ಪ್ರಬಂಧದ ಲೇಖಕರಲ್ಲಿ ಐಬಿಎಂ ಬೆಂಗಳೂರಿನ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಮರುವರ್ಷ ಅದರ ಬ್ಲಾಕ್ ಹಂಚಿಕೆ ಬಗ್ಗೆ ಬಂದ ಪ್ರಬಂಧದ ಮೊದಲ ಹೆಸರು ಐಬಿಎಂನ ಅನೀಶ್ ಕುಮಾರ್ ಅವರದು.

ಇಎಕ್ಸ್‌ಟಿ4ರ ಒಂದು ಮುಖ್ಯ ಗುಣ ತಡವಾದ ಹಂಚಿಕೆ. ನೀವು ಬರೆದ ಕೂಡಲೇ ಡಿಸ್ಕಿನಲ್ಲಿ ಜಾಗ ಹುಡುಕಲ್ಲ. ಕಾದು, ಎಲ್ಲ ಸೇರಿಸಿ, ಒಂದೇ ಕಡೆ ಜಾಗ ಕೊಡುತ್ತೆ. ಹುಟ್ಟಿ ತಕ್ಷಣ ಸಾಯುವ ಫೈಲ್‌ಗಳು ಡಿಸ್ಕ್ ಮುಟ್ಟುವುದೇ ಇಲ್ಲ. ಇದೂ ಬರವಣಿಗೆ ಉಳಿಸುವ ಉಪಾಯವೇ. ಆದರೆ 2009ರ ಶುರುವಿನಲ್ಲಿ ದೂರುಗಳು ಬಂದವು. ಮಷೀನ್ ಕ್ರ್ಯಾಶ್ ಆದ ಮೇಲೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಫೈಲ್‌ಗಳು ಸೊನ್ನೆ ಬೈಟ್ ಆಗಿ ಕೂತಿವೆ! ಆ ಪ್ರೋಗ್ರಾಮ್‌ಗಳು ಎಫ್‌ಸಿಂಕ್ ಕರೆಯುತ್ತಿರಲಿಲ್ಲ. ಎಫ್‌ಸಿಂಕ್ ಅಂದರೆ 'ಇದು ಡಿಸ್ಕಿಗೆ ಹೋಗುವವರೆಗೆ ನಾನು ಮುಂದೆ ಹೋಗಲ್ಲ' ಅಂತ ಕರ್ನಲ್‌ಗೆ ಹೇಳೋದು. ಇಎಕ್ಸ್‌ಟಿ3ರ 5 ಸೆಕೆಂಡ್ ಕಮಿಟ್ ಅಷ್ಟು ವರ್ಷ ಅವರ ತಪ್ಪನ್ನು ಮುಚ್ಚಿಟ್ಟಿತ್ತು.

ತಪ್ಪು ಪ್ರೋಗ್ರಾಮ್‌ಗಳದ್ದು ಅಂತ ಇಎಕ್ಸ್‌ಟಿ4ರ ಹೊಣೆ ಹೊತ್ತಿದ್ದ ಥಿಯೋಡೋರ್ ತ್ಸೊ ವಿವರಿಸಿದರು. ಆದರೂ ವಾದ ಗೆದ್ದು ಸುಮ್ಮನೆ ಕೂರಲಿಲ್ಲ. ಹಳೇ ಫೈಲಿನ ಜಾಗಕ್ಕೆ ಹೊಸದನ್ನು ತರುವಾಗ ಡೇಟಾ ತಡವಾಗದಂತೆ ನೋಡಿಕೊಳ್ಳುವ ಬದಲಾವಣೆ 2.6.30ರಲ್ಲಿ ಸೇರಿತು. ಒಂದೇ ಕರ್ನಲ್‌ನಲ್ಲಿ, ಯಾರೂ ಓದದ ಬರಹ ಕಡಿಮೆಯಾಯಿತು, ಜನ ನಂಬಿದ್ದ ಬರಹ ಹೆಚ್ಚಾಯಿತು.

ಆಮೇಲಿನದು ಬೇಗ ಹೇಳಿಬಿಡ್ತೀನಿ. 2015ರ ಏಪ್ರಿಲ್‌ನಲ್ಲಿ 4.0 ಕರ್ನಲ್ ಜೊತೆ ಲೇಜಿಟೈಮ್ ಬಂತು. ಸಮಯಗಳನ್ನು ಮೆಮೊರಿಯಲ್ಲಿ ಸರಿಯಾಗಿ ಇಟ್ಟುಕೊಂಡು, ಐನೋಡನ್ನು ಬೇರೆ ಕಾರಣಕ್ಕೆ ಬರೆಯುವಾಗ, ಎಫ್‌ಸಿಂಕ್ ಆದಾಗ, ಇಲ್ಲವೇ 24 ಗಂಟೆಗೊಮ್ಮೆ ಡಿಸ್ಕಿಗೆ ಹಾಕೋದು. ಇವತ್ತು ರೆಲ್‌ಎಟೈಮ್ ಇರುವ ಮಷೀನ್‌ಗೆ ನೋಎಟೈಮ್ ಹಾಕಿದರೆ ಸಿಗುವ ಲಾಭ ಚಿಕ್ಕದು. ಆದರೆ ಎಟೈಮ್ ಓದುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ನಷ್ಟವೂ ಇಲ್ಲ. ನೋಎಟೈಮ್ ಜೊತೆ ನೋಡಿರ್‌ಎಟೈಮ್ ಕೂಡ ಹಾಕುವವರಿದ್ದಾರೆ. ಬೇಕಾಗಿಲ್ಲ, ಮೊದಲನೆಯದರಲ್ಲೇ ಅದು ಸೇರಿದೆ.

ಮತ್ತೆ ಮಾರ್ಕೆಟ್ ಯಾರ್ಡ್‌ಗೆ

ಕಾಕಾ ಅವರ ಬಿಲ್ಲಿಂಗ್ ಪ್ರೋಗ್ರಾಮ್ ಪ್ರತಿ ಎಂಟ್ರಿಯನ್ನು ಒಂದು ಟೆಕ್ಸ್ಟ್ ಫೈಲಿನ ಕೊನೆಗೆ ಸೇರಿಸುತ್ತಿತ್ತು, ಎಫ್‌ಸಿಂಕ್ ಇಲ್ಲದೆ. ಎಫ್‌ಸಿಂಕ್ ಇದ್ದಿದ್ದರೆ ಕಮಿಟ್ 600 ಇದ್ದರೂ ಆ ಎಂಟ್ರಿಗಳು ಉಳಿಯುತ್ತಿದ್ದವು, ಯಾಕೆಂದರೆ ಎಫ್‌ಸಿಂಕ್ ಬಂದರೆ ಜರ್ನಲ್ 600 ಸೆಕೆಂಡ್ ಕಾಯಲ್ಲ. ಇಲ್ಲಿ ಡೇಟಾ ಡಿಸ್ಕ್ ಮುಟ್ಟಿದ್ದರೂ 'ಫೈಲ್ ಇಷ್ಟುದ್ದ ಬೆಳೆದಿದೆ' ಅನ್ನೋ ಐನೋಡ್ ಬದಲಾವಣೆ ಕಮಿಟ್ ಆಗಿರಲಿಲ್ಲ. ಕರೆಂಟ್ ಬಂದ ಮೇಲೆ ಫೈಲ್ ಹಳೇ ಉದ್ದಕ್ಕೇ ನಿಂತಿತ್ತು.

ಇದನ್ನೆಲ್ಲ ನಾನು ಕಾಕಾಗೆ ಹೇಳಲು ಹೊರಟೆ. ಅವರು ಅಷ್ಟರಲ್ಲಿ ದಿವಾಣಜಿಯ ಕೈಯಲ್ಲಿದ್ದ ಚೋಪಡಿ ಬಿಡಿಸಿದ್ದರು. ಕಂಪ್ಯೂಟರ್ ಬಂದ ಮೇಲೂ ಆ ಹಿರಿಯರು ತೂಕ ಆದ ಹಾಗೆ ಪೆನ್ಸಿಲ್‌ನಲ್ಲಿ ಗೀಚುವ ರೂಢಿ ಬಿಟ್ಟಿರಲಿಲ್ಲ. ಕಾಣೆಯಾದ ಎಂಟ್ರಿಗಳೆಲ್ಲ ಅಲ್ಲಿದ್ದವು. ರೈತರು ಪಟ್ಟಿ ತಗೊಂಡು ಗಾಡಿ ಹತ್ತಿದರು. ಚೋಪಡಿ ಇಲ್ಲದಿದ್ದರೆ ಆ ಮಾಲಿನ ತೂಕ ನೆನಪಿನ ಮೇಲೆ, ಬಾಯಿಮಾತಿನ ಮೇಲೆ ತೀರ್ಮಾನ ಆಗಬೇಕಿತ್ತು. ಅಂಥ ಮಾತಿನಲ್ಲಿ ಸೋಲೋದು ಯಾರು ಅಂತ ಮಾರ್ಕೆಟ್ ಕಂಡವರಿಗೆ ಗೊತ್ತು.

ಕಾಕಾ ಒಂದು ಮಾತು ಹೇಳಿದರು. "ಕಿರ್ದಿ ಆಗಿಂದಾಗ ಬರೀಬೇಕ ತಮ್ಮಾ. ಖತಾವಣಿ ರಾತ್ರಿ ಬರದರೂ ನಡೀತೈತಿ. ಪುಸ್ತಕ ಯಾರ್ ಯಾವಾಗ ತಗದು ನೋಡ್ಯಾರ ಅಂತ ಯಾರೂ ಬರದಿಡಂಗಿಲ್ಲ."

ನಾನು ಮುಕ್ಕಾಲು ಗಂಟೆ ವಿಡಿಯೋದಲ್ಲಿ ಹೇಳಿದ್ದು ಇಷ್ಟೇ. ಆಗಿಂದಾಗ ಬರೆಯಬೇಕಾದದ್ದು ಎಫ್‌ಸಿಂಕ್‌ನ ಕೆಲಸ. ತಡವಾದರೂ ನಡೆಯೋದು ಜರ್ನಲ್‌ನಿಂದ ನಿಜವಾದ ಜಾಗಕ್ಕೆ ಸಾಗಿಸುವ ಕೆಲಸ. ಯಾರೂ ಬರೆದಿಡದಿದ್ದರೂ ಅಂಗಡಿ ನಡೆಯೋದು ಎಟೈಮ್.

ಆ ರಾತ್ರಿ ಕಮಿಟ್ 600 ತೆಗೆದೆ, ನೋಎಟೈಮ್ ಹಾಗೇ ಬಿಟ್ಟೆ. ಪ್ರೋಗ್ರಾಮ್ ಬರೆದವರಿಗೆ ಹೇಳಿ ಪ್ರತಿ ಎಂಟ್ರಿ ಆದ ಮೇಲೆ ಒಂದು ಎಫ್‌ಸಿಂಕ್ ಹಾಕಿಸಿದ್ದಾಯಿತು. ಎಸ್‌ಎಸ್‌ಡಿಯನ್ನು ನಿಜವಾಗಿ ಸವೆಸುತ್ತಿದ್ದದ್ದು ಬೇರೆಯೇ: ತೂಕದ ಯಂತ್ರದ ಪ್ರತಿ ಚಲನೆಯನ್ನೂ ಬರೆಯುತ್ತಿದ್ದ ಡೀಬಗ್ ಲಾಗ್. ಅದನ್ನು ಮೆಮೊರಿಯಲ್ಲಿರುವ ಟೆಂಪ್‌ಎಫ್‌ಎಸ್‌ಗೆ ಸಾಗಿಸಿದೆ. ಮರುದಿನ ಕಾಕಾ ಒಂದು ಚಿಕ್ಕ ಯುಪಿಎಸ್ ತರಿಸಿದರು.

ನೀವು ಮುಂದೆ ಎಫ್‌ಎಸ್‌ಟ್ಯಾಬ್ ತೆರೆದಾಗ, ಅಲ್ಲಿರುವ ಒಂದೊಂದು ಷರತ್ತಿಗೂ ಎರಡು ಪ್ರಶ್ನೆ ಕೇಳಿ. ಇದು ನಿಲ್ಲಿಸುವ ಬರಹವನ್ನು ನಾಳೆ ಯಾರಾದರೂ ಓದುತ್ತಾರಾ? ಈ ಸಂಖ್ಯೆ ಯಾವ ಮಷೀನ್‌ಗೋಸ್ಕರ ಹುಟ್ಟಿದ್ದು? ಉತ್ತರ ಗೊತ್ತಿಲ್ಲದಿದ್ದರೆ ಡೀಫಾಲ್ಟ್ ಬಿಟ್ಟುಬಿಡಿ.

ದಿವಾಣಜಿಯ ಚೋಪಡಿ ಮಾತ್ರ ಇನ್ನೂ ನಡೀತಿದೆ. ಅದನ್ನು ನಿಲ್ಲಿಸಿ ಅಂತ ನಾನು ಹೇಳಿಲ್ಲ.